ತಂಗಿ ಸೇರಿದ ಸಣ್ಣ ಕ್ರೈಸ್ತ ಸಭೆ ಉಳಿದ ಎಲ್ಲ ಸಭೆಗಳನ್ನೂ ‘ಬಾಬೆಲ್’ ಅನ್ನುತ್ತಿದೆ. ಮನೆಯವರು ಏನು ಮಾಡಬೇಕು?

ಧಾರವಾಡದ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಹೇಳಿ.

ನಮ್ಮದು ಹಳೇ ಬಾಸೆಲ್ ಮಿಷನ್ ಮನೆತನ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ನಮ್ಮ ಕಾಕಾನ ಮಗಳು ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾಳೆ. ಜೊತೆಗೆ ಕೆಲಸ ಮಾಡುವವಳು ಕರೆದಳು ಅಂತ ಒಂದು ಪ್ರಾರ್ಥನೆ ಕೂಟಕ್ಕೆ ಹೋಗಲು ಶುರು ಮಾಡಿದಳು. ಊರ ಹೊರಗೆ ಒಂದು ಬಾಡಿಗೆ ಮನೆಯ ಮಾಳಿಗೆ ಮೇಲೆ ಸೇರುತ್ತಾರೆ. ಕೆಲವೇ ಕುಟುಂಬಗಳು. ಬೋರ್ಡ್ ಇಲ್ಲ, ಹೆಸರೂ ಇಲ್ಲ. ಹೆಸರಿಟ್ಟರೆ ಪಂಗಡ ಆಗಿಬಿಡುತ್ತದೆ ಅನ್ನುತ್ತಾರೆ.

ಸಿಎಸ್‌ಐ, ಮೆಥೊಡಿಸ್ಟ್, ಕ್ಯಾಥೊಲಿಕ್ ಎಲ್ಲಾ ಸತ್ತ ಸಭೆ ಅನ್ನುವವರು ಮೊದಲೂ ಇದ್ದರು. ಅದು ನಮಗೆ ಹೊಸದಲ್ಲ. ಇವರು ಅದಕ್ಕಿಂತ ಮುಂದೆ ಹೋಗುತ್ತಾರೆ. ಉಳಿದವರೆಲ್ಲ ‘ಬಾಬೆಲ್’ ಅಂತೆ, ಅಂದರೆ ಸತ್ಯವೇದದ ಪ್ರಕಟನೆ ಪುಸ್ತಕದಲ್ಲಿ ದೇವರು ಶಿಕ್ಷಿಸುವ ಕೆಟ್ಟ ನಗರ. ಉಜ್ಜೀವನ ಕೂಟ ಮಾಡುವವರೂ ಸುಳ್ಳು, ಪೆಂಟೆಕೋಸ್ಟಿನವರೂ ಸುಳ್ಳು, ಅಮೆರಿಕದ ಹೆಸರಾಂತ ಸುವಾರ್ತಿಕ ಬಿಲ್ಲಿ ಗ್ರಹಾಂ ಜನರನ್ನು ನರಕಕ್ಕೆ ಕಳಿಸಿದ ಮನುಷ್ಯ. ‘ಕೈ ಎತ್ತಿ, ಯೇಸುವನ್ನು ಸ್ವೀಕರಿಸಿದೆ ಅನ್ನಿ, ರಕ್ಷಣೆ ಸಿಕ್ಕಿತು’ ಎಂದು ಹೇಳುವ ಪ್ರತಿಯೊಬ್ಬ ಬೋಧಕನೂ ಮೋಸಗಾರ. ಹಾಗಾದರೆ ರಕ್ಷಣೆ ಹೊಂದಿದವರು ಯಾರು ಅಂತ ಕೇಳಿದೆ. ‘ನಮ್ಮ ಸಹೋದರರು, ಮತ್ತೆ ಅಮೆರಿಕದಲ್ಲಿ ಸ್ವಲ್ಪ ಜನ ಇದ್ದಾರೆ’ ಅಂದಳು. ಅಲ್ಲಿನ ಬೀದಿ ಪ್ರಚಾರಕರ ವಿಡಿಯೋಗಳನ್ನು ಇವರು ರಾತ್ರಿ ಕೂತು ನೋಡುತ್ತಾರೆ.

ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಅವಳು ಬಂದಳು, ಅಪ್ಪನ ಪೆಟ್ಟಿಗೆ ಹತ್ತಿರ ಕೂತು ಅತ್ತಳು. ನಮ್ಮ ಸಭೆಯ ಅಯ್ಯನವರು (ಪಾಸ್ಟರ್) ಪ್ರಾರ್ಥನೆಗೆ ಬಂದ ಕೂಡಲೇ ಎದ್ದುಹೋಗಿ ಗೇಟಿನ ಆಚೆ ನಿಂತಳು. ಜಿಟಿಜಿಟಿ ಮಳೆ. ತಲೆ ಮೇಲೆ ಬರೀ ದುಪಟ್ಟಾ. ಒಳಗಿಂದ ಹಾಡು ಕೇಳುತ್ತಿತ್ತು, ಚಿಕ್ಕಂದಿನಿಂದ ಅವಳಿಗೆ ಬಾಯಿಪಾಠ ಇರುವ ಹಾಡು. ತುಟಿ ಬಿಗಿ ಹಿಡಿದು ನಿಂತಿದ್ದಳು. ಆಗ ನಮ್ಮ ಕಾಕು ಛತ್ರಿ ತಗೊಂಡು ಹೋಗಿ ಮಗಳ ಪಕ್ಕ ನಿಂತರು. ಗಂಡನ ಕೊನೇ ಪ್ರಾರ್ಥನೆಯನ್ನು ಕಾಕು ಗೇಟಿನ ಆಚೆಯಿಂದಲೇ ಕೇಳಿದರು.

ಬಂಧುಗಳು ಈಗ ಎರಡು ಪಾಲಾಗಿದ್ದಾರೆ. ‘ಅವಳನ್ನು ಮನೆಗೇ ಸೇರಿಸಬೇಡಿ’ ಅನ್ನುವವರು ಜಾಸ್ತಿ. ನನಗೆ ಅದು ಸರಿ ಕಾಣುತ್ತಿಲ್ಲ. ಇಂಥದ್ದನ್ನು ಕಂಡವರು ಇದ್ದರೆ ಬರೆಯಿರಿ. ದಯವಿಟ್ಟು ಯಾವ ಸಭೆ, ಯಾವ ಪಾಸ್ಟರ್ ಅಂತ ಹೆಸರು ಕೇಳಬೇಡಿ.

ಕೇಶ್ವಾಪುರ

ಪೊಲೀಸ್ ಕಂಪ್ಲೇಂಟ್ ಕೊಡಿ ಮೇಡಂ. ತಲೆ ಕೆಡಿಸಿದ್ದಾರೆ, ಅಷ್ಟೇ.

ಧಾರವಾಡದ ಅಕ್ಕ

ಅವಳು ವಯಸ್ಸಿಗೆ ಬಂದವಳು. ತನ್ನ ಇಷ್ಟದಿಂದ ಹೋಗುತ್ತಿದ್ದಾಳೆ. ಯಾರೂ ಹಿಡಿದಿಟ್ಟಿಲ್ಲ. ಏನಂತ ಬರೆದುಕೊಡಲಿ?

ಬೆಟಗೇರಿ ಮಾಸ್ತರ

ಅಕ್ಕಾವ್ರೇ, ನಿಮ್ಮ ಕಾಕು ಛತ್ರಿ ಹಿಡಿದು ಹೋದರಲ್ಲ, ಇಡೀ ಮನೆತನ ಅದನ್ನೇ ಮಾಡಬೇಕು ಅಂತ ನನಗನ್ನಿಸುತ್ತದೆ. ಯಾಕೆ ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾವು ಬಾಸೆಲ್ ಮಿಷನ್ನಿನವರು ಅಂತ ಹೆಮ್ಮೆಯಿಂದ ಹೇಳುತ್ತೇವೆ. ಆ ಮಿಷನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ. ಮಂಗಳೂರಿಗೆ ಬಂದದ್ದು 1834, ಧಾರವಾಡಕ್ಕೆ 1837, ಹುಬ್ಬಳ್ಳಿಗೆ 1839, ನಮ್ಮ ಬೆಟಗೇರಿಗೆ 1841. ಬಂದ ಮಿಷನರಿಗಳಲ್ಲಿ ಬಹಳ ಜನ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು, ಪಯಟಿಸ್ಟರು, ಅಂದರೆ ಆಚಾರಕ್ಕಿಂತ ಹೃದಯದ ಭಕ್ತಿ ಮುಖ್ಯ ಅನ್ನುವವರು. ಇವರ ಹಿರಿಯರೂ ತಮ್ಮ ಊರಿನ ಸಭೆಯನ್ನು ನೋಡಿ ‘ಇಲ್ಲಿ ಜೀವ ಇಲ್ಲ, ಭಾನುವಾರ ಬಂದು ಕೂತು ಹೋಗುತ್ತಾರೆ ಅಷ್ಟೇ’ ಅಂದವರೇ. 1670ರಲ್ಲಿ ಸ್ಪೇನರ್ ಎಂಬ ಪಾದ್ರಿ ಫ್ರಾಂಕ್‌ಫರ್ಟಿನಲ್ಲಿ ಮನೆಯಲ್ಲೇ ಕೂಟ ಶುರು ಮಾಡಿದರು. ಸತ್ಯವೇದ ಓದುವುದು, ಒಬ್ಬರಿಗೊಬ್ಬರು ಪ್ರಾರ್ಥನೆ ಮಾಡುವುದು, ನಡತೆ ತಿದ್ದಿಕೊಳ್ಳುವುದು. ನಿಮ್ಮ ತಂಗಿ ಹೋಗುವ ಮಾಳಿಗೆ ಕೂಟಕ್ಕೂ ಅದಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ.

ವುರ್ಟೆಂಬರ್ಗಿನಲ್ಲಿ ಈ ಕೂಟಗಳು ಮುಂದೆ ಎರಡು ದಾರಿ ಹಿಡಿದವು. 1743ರಲ್ಲಿ ಅಲ್ಲಿನ ಸರಕಾರ ಒಂದು ಆಜ್ಞೆ ಹೊರಡಿಸಿತು. ಮನೆ ಕೂಟ ಮಾಡಿಕೊಳ್ಳಿ, ಆದರೆ ಊರ ಪಾದ್ರಿಗೆ ಗೊತ್ತಿರಲಿ ಅಂತ. ಬಹಳ ಜನ ಅದಕ್ಕೆ ಒಪ್ಪಿ ಸಭೆಯ ಒಳಗೇ ಉಳಿದರು. ಇನ್ನು ಕೆಲವರು ಒಪ್ಪಲಿಲ್ಲ. ಅವರಲ್ಲಿ ಜಾರ್ಜ್ ರಾಪ್ ಅಂತ ಒಬ್ಬ. ಅವನು ನೇಕಾರ. ನೇಕಾರರ ಊರಾದ ಬೆಟಗೇರಿಯವನು ನಾನು, ಅದಕ್ಕೇ ಅವನ ಕತೆ ನನಗೆ ನೆನಪಿನಲ್ಲಿ ಉಳಿದಿದೆ. ಊರ ಸಭೆಯಲ್ಲಿ ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಬೇಡ, ಮಕ್ಕಳ ದೀಕ್ಷಾಸ್ನಾನ ಬೇಡ ಅಂತ ಹೊರಗೆ ಬಂದ. ನೂರಾರು ಜನ ಅವನ ಹಿಂದೆ ಅಮೆರಿಕಕ್ಕೆ ಹೋದರು. 1805ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸಂಘ ಕಟ್ಟಿದರು. ಆಸ್ತಿ ಎಲ್ಲರದ್ದೂ ಒಂದೇ. 1807ರಿಂದ ದಾಂಪತ್ಯವೂ ಬೇಡ ಅಂದರು. ಕರ್ತನು ಇನ್ನೇನು ಬರುತ್ತಾನೆ ಅಂತ ಕಾದರು. ದುಡಿಮೆಗಾರರು, ಪ್ರಾಮಾಣಿಕರು, ದೊಡ್ಡ ಕಾರ್ಖಾನೆಗಳನ್ನು ಕಟ್ಟಿದರು. ಮಕ್ಕಳಿಲ್ಲದ ಸಂಘ, ಒಬ್ಬೊಬ್ಬರೇ ಮುದುಕರಾಗಿ ತೀರಿಕೊಂಡು 1905ರಲ್ಲಿ ಮುಚ್ಚಿಹೋಯಿತು.

ಒಳಗೆ ಉಳಿದವರ ಕಡೆಯಿಂದ ನಮ್ಮ ಕಡೆಗೆ ಶಾಲೆ ಬಂತು, ಅಚ್ಚುಕೂಟ ಬಂತು, ಕಿಟ್ಟೆಲ್ ಬಂದರು, ಬೆಟಗೇರಿಯ ಜರ್ಮನ್ ಆಸ್ಪತ್ರೆ ಬಂತು. ಎರಡೂ ಕಡೆಯವರ ಭಕ್ತಿ ಒಂದೇ ಮಣ್ಣಿನದು. ಹಾಗಾಗಿ ಮನೆಯಲ್ಲಿ ಕೂಟ ನಡೆಸುತ್ತಾರೆ, ಸಭೆಯನ್ನು ಬೈಯುತ್ತಾರೆ ಅನ್ನುವುದೊಂದರಿಂದಲೇ ಯಾರನ್ನೂ ಕೆಟ್ಟವರು ಅನ್ನಬಾರದು.

ಇನ್ನೊಂದು ಮಾತು. ಇಲ್ಲಿ ಮೊದಲು ಕ್ರೈಸ್ತರಾದವರೂ ಮನೆ ಬಿಟ್ಟು, ಜಾತಿ ಬಿಟ್ಟು ಹೊರಗೆ ಬಂದವರು. ಅವರ ಬಂಧುಗಳೂ ‘ಒಳಗೆ ಸೇರಿಸಬೇಡಿ’ ಅಂದಿದ್ದರು. ಆ ನೋವಿನಿಂದ ಬಂದ ಮನೆತನಗಳು ನಾವು. ಅದೇ ಮಾತನ್ನು ನಮ್ಮ ಹುಡುಗಿಗೆ ನಾವು ಹೇಳಬಾರದು ಅನ್ನುವುದು ನನ್ನ ಕಳಕಳಿ.

ರೈಲ್ವೆ ಕ್ವಾರ್ಟರ್ಸ್

ಮಾಸ್ತರ್ರೇ, ಚೆನ್ನಾಗಿ ಬರೆದಿರಿ. ಆದರೆ ಹಳೇ ಕಾಲದವರು ಬಿಲ್ಲಿ ಗ್ರಹಾಂನಂಥ ಸುವಾರ್ತಿಕರನ್ನೇ ಬೈಯುತ್ತಿರಲಿಲ್ಲ. ಇದು ಎಲ್ಲಿಂದ ಶುರುವಾಯಿತು? ಸಿಎಸ್‌ಐ ಬೇಡ ಅಂದರೆ ಅರ್ಥವಾಗುತ್ತದೆ. ಸುವಾರ್ತೆ ಸಾರುವವರೂ ಬೇಡ ಅಂದರೆ ಹೇಗೆ?

ಬೆಟಗೇರಿ ಮಾಸ್ತರ

ಅದು ಅಮೆರಿಕದ ಜಗಳ. ಚಿಕ್ಕದಾಗಿ ಹೇಳುತ್ತೇನೆ.

1910ರಿಂದ 1915ರವರೆಗೆ ಅಲ್ಲಿ ‘ಮೂಲಸತ್ಯಗಳನ್ನು ಬಿಡಬಾರದು’ ಅಂತ ಪುಸ್ತಿಕೆಗಳನ್ನು ಅಚ್ಚು ಹಾಕಿ ಹಂಚಿದರು. ಫಂಡಮೆಂಟಲಿಸ್ಟ್ ಅನ್ನುವ ಹೆಸರು ಆಮೇಲೆ ಬಂತು. ಮೊದಲು ಇವರ ಜಗಳ ಇದ್ದದ್ದು ಪವಾಡಗಳನ್ನು, ಪುನರುತ್ಥಾನವನ್ನು ನಂಬದ ಪಂಡಿತರ ಜೊತೆ. 1940ರ ಸುಮಾರಿಗೆ ಇವರೊಳಗೇ ಬಿರುಕು ಬಿತ್ತು. 1941ರಲ್ಲಿ ಕಾರ್ಲ್ ಮ್ಯಾಕಿಂಟೈರ್ ಎಂಬ ಪಾದ್ರಿ ಕಟ್ಟಿದ ಒಕ್ಕೂಟ, ಹಳೇ ಪಂಗಡಗಳನ್ನು ಪೂರ್ತಿ ಬಿಟ್ಟವರಿಗೆ ಮಾತ್ರ. 1942ರಲ್ಲಿ ಇನ್ನೊಂದು ಒಕ್ಕೂಟ ಹುಟ್ಟಿತು. ಬೋಧನೆ ಒಂದಿದ್ದರೆ ಸಾಕು, ಎಲ್ಲರ ಜೊತೆ ಮಾತಾಡೋಣ ಅಂದದ್ದು ಅದು. ಈಗ ಇವಾಂಜೆಲಿಕಲ್ ಅನ್ನುವುದು ಈ ಎರಡನೆಯವರನ್ನು.

1957ರಲ್ಲಿ ಬಿಲ್ಲಿ ಗ್ರಹಾಂ ನ್ಯೂಯಾರ್ಕಿನಲ್ಲಿ ದೊಡ್ಡ ಕೂಟ ನಡೆಸಿದರು. ಅದಕ್ಕೆ ಎಲ್ಲಾ ತರದ ಸಭೆಗಳ ಸಹಕಾರ ತಗೊಂಡರು. ಬಾಬ್ ಜೋನ್ಸ್‌ನಂಥ ಹಳೇ ಗೆಳೆಯರೇ ಅವರಿಂದ ದೂರವಾದರು. ಸುಳ್ಳು ಬೋಧಕನಿಂದ ದೂರ ಇದ್ದರೆ ಸಾಲದು, ಅವನ ಜೊತೆ ಕೂತವನಿಂದಲೂ ದೂರ ಇರಬೇಕು ಅನ್ನುವ ಮಾತು ಆಗ ಗಟ್ಟಿಯಾಯಿತು. ಈ ಲೆಕ್ಕ ಹಿಡಿದರೆ ಎಲ್ಲಿ ನಿಲ್ಲುವುದು? ಅವನ ಜೊತೆ ಕೂತವನ ಜೊತೆ ಕೂತವನು? ಹೋಗುತ್ತಾ ಹೋಗುತ್ತಾ ಕೊನೆಗೆ ಒಂದು ಮಾಳಿಗೆ ಮೇಲಿನ ಕೆಲವೇ ಕುಟುಂಬಗಳು ಉಳಿಯುತ್ತವೆ.

ತೀರಾ ತುದಿಗೆ ಹೋದವರೂ ಇದ್ದಾರೆ. ಕಾನ್ಸಾಸ್ ರಾಜ್ಯದ ಟೊಪೀಕಾದಲ್ಲಿ 1955ರಿಂದ ಇರುವ ವೆಸ್ಟ್‌ಬರೋ ಬ್ಯಾಪ್ಟಿಸ್ಟ್ ಸಭೆ. ಫ್ರೆಡ್ ಫೆಲ್ಪ್ಸ್ ನಡೆಸಿದ್ದು, ಬಹುಪಾಲು ಒಂದೇ ಕುಟುಂಬದವರು. ಸತ್ತ ಸೈನಿಕರ ಅಂತ್ಯಕ್ರಿಯೆ ಹತ್ತಿರ ದ್ವೇಷದ ಬೋರ್ಡ್ ಹಿಡಿದು ನಿಲ್ಲುತ್ತಿದ್ದರು. ಮಗನನ್ನು ಕಳಕೊಂಡ ಒಬ್ಬ ತಂದೆ ಕೋರ್ಟಿಗೆ ಹೋದ. 2011ರಲ್ಲಿ ಸುಪ್ರೀಂ ಕೋರ್ಟು 8-1ರಿಂದ ವೆಸ್ಟ್‌ಬರೋ ಪರವಾಗಿಯೇ ತೀರ್ಪು ಕೊಟ್ಟಿತು, ಅದು ಮಾತಿನ ಸ್ವಾತಂತ್ರ್ಯ ಅಂತ. ಮರುವರ್ಷವೇ ಫೆಲ್ಪ್ಸ್‌ನ ಮೊಮ್ಮಗಳು ಮೇಗನ್ ಆ ಸಭೆ ಬಿಟ್ಟಳು. ಹೊರಗಿನ ಕೆಲವರು ಅವಳ ಜೊತೆ ತಾಳ್ಮೆಯಿಂದ, ಮರ್ಯಾದೆಯಿಂದ ಮಾತಾಡುತ್ತಾ ಬಂದದ್ದೇ ತನ್ನ ಮನಸ್ಸನ್ನು ತಿರುಗಿಸಿತು ಅಂತ ಅವಳೇ ಹೇಳಿದ್ದಾಳೆ. ಕೋರ್ಟಿನಿಂದ ಆಗದ್ದು ಮಾತಿನಿಂದ ಆಯಿತು.

ಅಲ್ಲಿಂದ ಬಂದವನು

ನಾನು ಹಾವೇರಿ ಜಿಲ್ಲೆಯವನು. ಇಂಥದೇ ಒಂದು ಸಭೆಯಲ್ಲಿ ಕೆಲವು ವರ್ಷ ಇದ್ದೆ. ಅಕ್ಕಾ, ನಿಮ್ಮ ತಂಗಿ ಇರುವ ಸಭೆ ಅದೇನಾ ಗೊತ್ತಿಲ್ಲ, ಹಾಗಾಗಿ ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ.

ಮೊದಲ ಆರು ತಿಂಗಳು ಅಷ್ಟು ಪ್ರೀತಿ ನನಗೆ ಯಾರೂ ಕೊಟ್ಟಿರಲಿಲ್ಲ. ಜ್ವರ ಬಂದರೆ ರೂಮಿಗೆ ಗಂಜಿ ತರುತ್ತಿದ್ದರು. ಯಾರೂ ದಶಮಾಂಶ (ಗಳಿಕೆಯ ಹತ್ತನೇ ಒಂದು ಪಾಲು) ಕೇಳಲಿಲ್ಲ. ಹಿರಿಯರು ಹರಿದ ಅಂಗಿ ಹಾಕುತ್ತಿದ್ದರು. ಕಾರಿನಲ್ಲಿ ಬರುವ ಬೋಧಕರನ್ನು ನೋಡಿ ಬೇಸತ್ತವನಿಗೆ ಇದು ಸ್ವರ್ಗ ಅನ್ನಿಸಿತು.

ಆಮೇಲೆ ಶನಿವಾರದ ಕೂಟ ಶುರುವಾಯಿತು. ಉದ್ದನೆಯ ರೂಲ್ ಹಾಕಿದ ನೋಟ್‌ಬುಕ್, ಕೆಂಪು ರಟ್ಟು. ಒಬ್ಬೊಬ್ಬರ ಹೆಸರಿಗೆ ಒಂದೊಂದು ಪುಟ. ಆ ವಾರ ಯಾರ ಜೊತೆ ಮಾತಾಡಿದೆ, ಏನು ನೋಡಿದೆ, ಯಾವ ಕೆಟ್ಟ ಯೋಚನೆ ಬಂತು, ಎಲ್ಲಾ ಹೇಳಬೇಕು. ಹಿರಿಯರು ಬರೆದುಕೊಳ್ಳುತ್ತಾರೆ. ಮೊದಲು ಅದು ಒಳ್ಳೆಯದೇ ಅನ್ನಿಸಿತು, ಮನಸ್ಸು ಹಗುರ ಆಗುತ್ತಿತ್ತು. ಒಂದು ಸಲ ಅವ್ವನ ಜೊತೆ ಫೋನಿನಲ್ಲಿ ನಕ್ಕೆ ಅನ್ನುವುದನ್ನೂ ಬರೆದುಕೊಂಡರು. ಅವ್ವ ಲೋಕದವಳಂತೆ. ಅವಳ ಜೊತೆ ‘ಲೋಕದ ಮಾತು’ ಆಡಿದೆನಂತೆ. ಆ ಪುಟ ನೋಡುತ್ತಾ ಕೂತಾಗ ಮೈ ತಣ್ಣಗಾಯಿತು.

ಬಿಟ್ಟು ಬಂದಾಗ ಎಲ್ಲಿಗೆ ಹೋಗಬೇಕು ಗೊತ್ತಿರಲಿಲ್ಲ. ಗೆಳೆಯರನ್ನೆಲ್ಲ ಕಳಕೊಂಡಿದ್ದೆ. ನನ್ನ ಅಣ್ಣ ಅಷ್ಟು ದಿನವೂ ತಿಂಗಳಿಗೊಮ್ಮೆ ಫೋನ್ ಮಾಡಿ ‘ಊಟ ಆಯ್ತಾ?’ ಅಂತ ಕೇಳುತ್ತಿದ್ದ. ಸತ್ಯವೇದದ ಮಾತು ಎತ್ತುತ್ತಲೇ ಇರಲಿಲ್ಲ. ಅವತ್ತು ರಾತ್ರಿ ಅವನಿಗೇ ಫೋನ್ ಮಾಡಿದೆ. ಬಾ ಅಂದ.

ಅದಕ್ಕೇ ಹೇಳುತ್ತೇನೆ, ವಾದ ಮಾಡಬೇಡಿ. ವಾದ ಮಾಡಿದರೆ ‘ಮನೆಯವರು ಹಿಂಸೆ ಕೊಡುತ್ತಾರೆ ಅಂತ ವಚನದಲ್ಲೇ ಇದೆ’ ಅಂತ ಅವರು ತೋರಿಸುತ್ತಾರೆ. ನಮ್ಮ ಸಿಟ್ಟು ಅವರಿಗೆ ಸಾಕ್ಷಿ ಆಗುತ್ತದೆ.

ಒಬ್ಬ ಸಹೋದರ

ನಾನು ಇಂಥ ಒಂದು ಸಣ್ಣ ಸಭೆಯಲ್ಲೇ ಇದ್ದೇನೆ. ನಮ್ಮ ಕಡೆಯ ಮಾತೂ ಇರಲಿ.

ನಾನು ಕುಡಿಯುತ್ತಿದ್ದೆ. ಕ್ರಿಸ್ಮಸ್ ರಾತ್ರಿ ಆರಾಧನೆ ಮುಗಿಸಿ ಕುಡಿಯಲು ಹೋಗುತ್ತಿದ್ದೆ, ನನ್ನ ಜೊತೆ ಸಭೆಯ ಕಮಿಟಿಯವರೇ ಬರುತ್ತಿದ್ದರು. ದೃಢೀಕರಣ (ಸಭೆಯ ಪೂರ್ಣ ಸದಸ್ಯನಾಗುವ ವಿಧಿ) ಆಗಿತ್ತು, ಕರ್ತನ ಭೋಜನ ತಗೊಳ್ಳುತ್ತಿದ್ದೆ, ಯಾರೂ ಒಂದು ಮಾತು ಕೇಳಲಿಲ್ಲ. ಆಮೇಲೆ ದೊಡ್ಡ ಮೈದಾನದ ಕೂಟಕ್ಕೆ ಹೋಗಿ ಕೈ ಎತ್ತಿದೆ, ಚೀಟಿ ತುಂಬಿಸಿಕೊಂಡರು. ಮರುದಿನವೂ ಕುಡಿದೆ. ಈ ಸಹೋದರರು ಮಾತ್ರ ನನ್ನ ಮನೆಗೆ ಬಂದು ‘ನೀನು ಇನ್ನೂ ರಕ್ಷಣೆ ಹೊಂದಿಲ್ಲ’ ಅಂತ ಮುಖದ ಮೇಲೆ ಹೇಳಿದರು. ಸಿಟ್ಟು ಬಂತು. ಆದರೆ ನಿಜ ಹೇಳಿದವರು ಅವರೊಬ್ಬರೇ. ನನ್ನ ಹೆಂಡತಿ ಮಕ್ಕಳು ಇವತ್ತು ನೆಮ್ಮದಿಯಿಂದ ಮಲಗುತ್ತಾರೆ.

ಹಬ್ಬ, ಚಿನ್ನ, ಆಸ್ತಿ ಜಗಳ, ಚುನಾವಣೆ ಇವುಗಳಿಂದ ಹೊರಗೆ ಬನ್ನಿ ಅನ್ನುವುದು ತಪ್ಪಾ? ‘ನನ್ನ ಪ್ರಜೆಗಳೇ, ಅವಳನ್ನು ಬಿಟ್ಟು ಬನ್ನಿರಿ’ ಅಂತ ಬಾಬೆಲಿನ ಬಗ್ಗೆ ಪ್ರಕಟನೆ 18ರಲ್ಲಿ ಇದೆ. ಅದನ್ನು ನಾವು ಬರೆದದ್ದಲ್ಲ.

ಧಾರವಾಡದ ಅಕ್ಕ

ಸಹೋದರರೇ, ನೀವು ಬರೆದದ್ದಕ್ಕೆ ತುಂಬಾ ಧನ್ಯವಾದ. ನೀವು ಕುಡಿತ ಬಿಟ್ಟದ್ದಕ್ಕೆ ಮನಸ್ಸಿನಿಂದ ಖುಷಿಯಾಯಿತು. ನಮ್ಮ ಸಭೆಗಳ ಬಗ್ಗೆ ನೀವು ಹೇಳಿದ್ದರಲ್ಲಿ ಬಹಳಷ್ಟು ನಿಜ. ನಮ್ಮ ತಂಗಿಯೂ ಹೀಗೇ ಹೇಳುತ್ತಿದ್ದಳು. ಯುವಜನರ ಕೂಟದಲ್ಲಿ ಅವಳು ಕಷ್ಟದ ಪ್ರಶ್ನೆ ಕೇಳಿದರೆ ‘ಮುಂದಿನ ವಾರ ನೋಡೋಣ’ ಅಂತ ಹಾಡಿಗೆ ಹೋಗಿಬಿಡುತ್ತಿದ್ದರು.

ನನ್ನ ಪ್ರಶ್ನೆ ಬೇರೆ. ನಿಮ್ಮ ಸಭೆಯವರು ಬೇರೆ ಸಭೆಯ ಸಂಬಂಧಿಕರ ಮದುವೆಗೆ, ಮಣ್ಣಿಗೆ ಹೋಗಬಹುದಾ? ಯಾರಾದರೂ ಬಿಟ್ಟು ಹೋದರೆ ಅವರ ಜೊತೆ ಬಜಾರಿನಲ್ಲಿ ಮಾತಾಡುತ್ತೀರಾ? ಮೈ ಹುಷಾರಿಲ್ಲದಿದ್ದರೆ ದವಾಖಾನೆಗೆ ಹೋಗಬಹುದಾ? ಬಾಬೆಲ್ ಯಾರು ಅನ್ನುವುದಕ್ಕಿಂತ ನನಗೆ ಇವು ಮುಖ್ಯ. ಪ್ರಕಟನೆ 18 ಇರುವ ಅದೇ ಸತ್ಯವೇದದಲ್ಲಿ, ಶಿಲುಬೆ ಮೇಲಿದ್ದಾಗಲೂ ಯೇಸು ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದ್ದೂ ಇದೆ. ದೇವರಿಗೆ ಅರ್ಪಿಸಿದ್ದೇನೆ ಅಂತ ನೆಪ ಹೇಳಿ ತಂದೆತಾಯಿಯನ್ನು ಕೈಬಿಡುವವರನ್ನು ಮಾರ್ಕ 7ರಲ್ಲಿ ಆತನೇ ಗದರಿಸಿದ್ದಾನೆ.

ಒಬ್ಬ ಸಹೋದರ

ಮಣ್ಣಿಗೆ ಹೋಗುತ್ತೇವೆ, ಅವರ ಪ್ರಾರ್ಥನೆಗೆ ಆಮೆನ್ ಹೇಳುವುದಿಲ್ಲ. ದವಾಖಾನೆ ಅವರವರ ನಂಬಿಕೆಗೆ ಬಿಟ್ಟದ್ದು. ಬಿಟ್ಟು ಹೋದವರ ಜೊತೆ ಊಟ ಮಾಡುವುದಿಲ್ಲ. ಅದು ನನಗೂ ಕಷ್ಟ. ಒಬ್ಬ ಹಳೇ ಸಹೋದರ ಎದುರಿಗೆ ಬಂದಾಗ ತಲೆ ತಗ್ಗಿಸಿ ಹೋದೆ, ಆ ರಾತ್ರಿ ನಿದ್ದೆ ಬರಲಿಲ್ಲ. ಇದರ ಬಗ್ಗೆ ಪ್ರಾರ್ಥನೆ ಮಾಡುತ್ತೇನೆ.

ಅಲ್ಲಿಂದ ಬಂದವನು

ಅಣ್ಣಾ, ಅವನಿಗೂ ಅವತ್ತು ನಿದ್ದೆ ಬಂದಿರಲಿಕ್ಕಿಲ್ಲ. ಮಾತಾಡಿಸಿ.

ರಾಣೆಬೆನ್ನೂರಿನ ನರ್ಸ್

‘ಅವರವರ ನಂಬಿಕೆಗೆ ಬಿಟ್ಟದ್ದು’ ಅನ್ನುವುದರ ಬಗ್ಗೆ ಒಂದು ಮಾತು ಹೇಳಲೇಬೇಕು. ಬಾಯಲ್ಲಿ ಹಾಗೆ ಹೇಳುತ್ತಾರೆ. ಆದರೆ ಮಾತ್ರೆ ತಗೊಂಡವರನ್ನು ಮುಂದಿನ ಕೂಟದಲ್ಲಿ ನೋಡುವ ನೋಟ ಬೇರೆ ಇರುತ್ತದೆ. ಸುತ್ತ ಕೂತವರೆಲ್ಲ ಪ್ರಾರ್ಥನೆ ಮಾಡುತ್ತಿರುವಾಗ ‘ಆಂಬುಲೆನ್ಸ್ ಕರೆಯಿರಿ’ ಅನ್ನುವ ಧೈರ್ಯ ಯಾರಿಗೆ ಇರುತ್ತದೆ?

ಟೆಕ್ಸಾಸ್ ರಾಜ್ಯದಲ್ಲಿ ವೆಲ್ಸ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿನ ಒಂದು ಸಣ್ಣ ಸಭೆಯೂ ಉಳಿದ ಸುವಾರ್ತಾ ಸಭೆಗಳನ್ನೆಲ್ಲ ಸುಳ್ಳು ಅನ್ನುವುದೇ. ಬೀದಿಯಲ್ಲಿ ನಿಂತು ಕೂಗಿ ಸಾರುತ್ತಾರೆ. 2012ರಲ್ಲಿ ಅಲ್ಲಿ ಹುಟ್ಟಿ ಮೂರೇ ದಿನದ ಮಗು ತೀರಿಕೊಂಡಿತು. ವೈದ್ಯರನ್ನು ಕರೆಯುವ ಬದಲು ಪ್ರಾರ್ಥನೆ ಮಾಡುತ್ತಾ ಕೂತಿದ್ದರು. ಅವರು ಕೆಟ್ಟ ಮನಸ್ಸಿನವರಲ್ಲ. ಮಗು ಬದುಕಲಿ ಅಂತಲೇ ಅತ್ತವರು.

ಲೂಕನು ವೈದ್ಯ ಅಂತ ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲೇ ಇದೆ. ತಿಮೊಥೆಯನಿಗೆ ಹೊಟ್ಟೆ ಸರಿಯಿಲ್ಲ, ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಪೌಲನೇ ಹೇಳಿದ್ದಾನೆ. ಪ್ರಾರ್ಥನೆಯೂ ಇರಲಿ, ಮದ್ದೂ ಇರಲಿ.

ಅಕ್ಕಾ, ನಿಮ್ಮ ತಂಗಿಗೆ ಏನಾದರೂ ಕಾಯಿಲೆ ಇದೆಯಾ? ಮೊದಲು ಅದನ್ನು ಗಮನಿಸಿ. ಬೇರೆ ವಿಷಯಕ್ಕೆ ಕಾಯಬಹುದು, ಇದಕ್ಕೆ ಆಗುವುದಿಲ್ಲ.

ಧಾರವಾಡದ ಅಕ್ಕ

ಥೈರಾಯ್ಡ್ ಇದೆ. ಮಾತ್ರೆ ತಗೊಳ್ಳುತ್ತಿದ್ದಾಳಾ ಗೊತ್ತಿಲ್ಲ. ನೀವು ಕೇಳಿದ್ದು ಒಳ್ಳೆಯದಾಯಿತು.

ಕೇಶ್ವಾಪುರ

ಹಾಗಿದ್ದರೆ ನಾನು ಹೇಳಿದ್ದೇ ಸರಿ ಅಲ್ವಾ? ಪೇಪರಿನವರಿಗಾದರೂ ಹೇಳಿ.

ರೈಲ್ವೆ ಕ್ವಾರ್ಟರ್ಸ್

ಅದು ಬೇಡ ಸರ್. ನಿಮಗೆ ನೆನಪಿರಬಹುದು, 2021ರ ಅಕ್ಟೋಬರಿನಲ್ಲಿ ಬೈರಿದೇವರಕೊಪ್ಪದಲ್ಲಿ ಭಾನುವಾರ ಪ್ರಾರ್ಥನಾ ಮಂದಿರಕ್ಕೆ ಜನ ನುಗ್ಗಿ ಭಜನೆ ಮಾಡಿದರು. ಮತಾಂತರದ ಗಲಾಟೆ. ಆಮೇಲೆ 2022ರಲ್ಲಿ ಕಾಯ್ದೆಯೂ ಬಂತು. ಅಂದಿನಿಂದ ಬಾಡಿಗೆ ಮನೆಯಲ್ಲಿ ಸೇರುವ ಸಣ್ಣ ಸಭೆಯವರೆಲ್ಲ ಕಿಟಕಿ ಮುಚ್ಚಿಕೊಂಡೇ ಹಾಡುತ್ತಾರೆ. ಈಗ ನಾವೇ ಪೇಪರಿಗೆ ಹೋದರೆ ಪೆಟ್ಟು ಬೀಳುವುದು ಆ ಸಭೆಗೊಂದೇ ಅಲ್ಲ, ಪಕ್ಕದ ಓಣಿಯ ಬಡ ಪಾಸ್ಟರಿಗೂ ಬೀಳುತ್ತದೆ.

ಹಾಗಂತ ಸುಮ್ನೆ ಕೂರುವುದೂ ತಪ್ಪು. ಒಳಗಿನದನ್ನು ಹೊರಗೆ ಹೇಳಬಾರದು ಅಂತ ನಾವು ಎಷ್ಟೋ ವಿಷಯ ಮುಚ್ಚಿಟ್ಟಿದ್ದೇವೆ. ಹೊಡೆತ, ಬೆದರಿಕೆ, ಮಕ್ಕಳಿಗೆ ಔಷಧಿ ಕೊಡದೆ ಇರುವುದು, ಇಂಥದ್ದು ಕಂಡರೆ ಪೊಲೀಸರಿಗೆ ಹೋಗಲೇಬೇಕು. ಬೋಧನೆ ಸರಿ ಇಲ್ಲ ಅಂತ ಹೋಗಬಾರದು.

ಬೆಟಗೇರಿ ಮಾಸ್ತರ

ಒಪ್ಪಿದೆ. ಯೇಸು ಹೇಳಿದ ಗೋಧಿ ಮತ್ತು ಹಣಜಿಯ (ಕಳೆ ಗಿಡದ) ಸಾಮ್ಯ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಕೀಳಲು ಹೋಗಬೇಡಿ, ಗೋಧಿಯೂ ಕಿತ್ತು ಬಂದೀತು ಅಂತ ಯಜಮಾನ ಹೇಳುತ್ತಾನೆ. ಬೇರೆ ಸಭೆಗಳನ್ನು ಹಣಜಿ ಅನ್ನುವವರೂ ಅದನ್ನು ಓದಬೇಕು, ಅವರನ್ನು ಹಣಜಿ ಅನ್ನುವ ನಾವೂ ಓದಬೇಕು.

ಅಕ್ಕಾವ್ರೇ, ಇನ್ನೊಂದು ಕೆಲಸದ ಮಾತು. ಅವಳ ಮಾರ್ಕ್ಸ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲಿವೆ ನೋಡಿ. ಅವಳ ಹತ್ತಿರವೇ ಇರಲಿ, ಇನ್ನೊಬ್ಬರ ಕಪಾಟಿನಲ್ಲಿ ಬೇಡ. ನೌಕರಿ ಬಿಡದಂತೆ ಮಾತ್ರ ಹೇಗಾದರೂ ಹೇಳಿ. ಸ್ವಂತ ಸಂಬಳ ಇರುವವಳಿಗೆ ಯಾವತ್ತಾದರೂ ಬೇಡ ಅನ್ನಿಸಿದರೆ ಎದ್ದು ಬರುವುದು ಸುಲಭ.

ಧಾರವಾಡದ ಅಕ್ಕ

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಕಾಕು ಮತ್ತು ನಾನು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಅವಳನ್ನು ನೋಡಿ ಬಂದೆವು. ಕಾಕು ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಕಟ್ಟಿಕೊಂಡಿದ್ದರು. ಸಭೆ ವಿಷಯ ನಾವು ಎತ್ತಲಿಲ್ಲ. ಊಟಕ್ಕೆ ಮುಂಚೆ ಅವಳೇ ಪ್ರಾರ್ಥನೆ ಮಾಡಿದಳು. ನಾವಿಬ್ಬರೂ ಆಮೆನ್ ಅಂದೆವು. ಅವಳಿಗೆ ಆಶ್ಚರ್ಯ ಆಯಿತು ಅಂತ ಕಾಣುತ್ತದೆ. ನಾವು ಅವಳ ಪ್ರಾರ್ಥನೆಯನ್ನು ಯಾವತ್ತೂ ಸುಳ್ಳು ಅಂದವರಲ್ಲ.

ಮಾತ್ರೆ ಬಿಟ್ಟಿದ್ದಳು. ಯಾರೂ ಬಿಡು ಅನ್ನಲಿಲ್ಲವಂತೆ, ತಾನೇ ಬಿಟ್ಟೆ ಅಂದಳು. ನರ್ಸ್ ಅಕ್ಕ ಹೇಳಿದ ಲೂಕನ ಮಾತು ಕಾಕು ಮೆಲ್ಲಗೆ ಹೇಳಿದರು. ರಕ್ತ ಪರೀಕ್ಷೆ ಮಾಡಿಸಲು ಒಪ್ಪಿದ್ದಾಳೆ. ಆಧಾರ್, ಪಾಸ್‌ಬುಕ್ ಅವಳ ಹತ್ತಿರವೇ ಇವೆ. ನೌಕರಿ ಬಿಡುವ ಯೋಚನೆ ಇತ್ತು, ಸದ್ಯಕ್ಕೆ ಬಿಡುವುದಿಲ್ಲ ಅಂದಳು.

ಅವಳು ಸಭೆ ಬಿಟ್ಟಿಲ್ಲ. ಬಿಡು ಅಂತ ನಾವು ಹೇಳಲೂ ಇಲ್ಲ. ಕ್ರಿಸ್ಮಸ್ಸಿಗೆ ಬರುವುದಿಲ್ಲ, ಅದು ಬೇರೆ ದೇವರ ಹಬ್ಬ ಅಂದಳು. ಕ್ರಿಸ್ಮಸ್ ಆಗಿ ಮರುದಿನ ಬಾ ಅಂದರು ಕಾಕು. ಕರ್ಚಿಕಾಯಿ ಉಳಿದಿರುತ್ತವೆ, ಹಬ್ಬ ಮುಗಿದಿರುತ್ತದೆ. ಬರುತ್ತೇನೆ ಅಂದಿದ್ದಾಳೆ.

ಮನೆಗೆ ಸೇರಿಸಬೇಡಿ ಅನ್ನುತ್ತಿದ್ದ ಬಂಧುಗಳಿಗೆ ಈ ಚರ್ಚೆಯನ್ನೇ ಕಳಿಸಿದ್ದೇನೆ. ಸಹೋದರರೇ, ನಿಮ್ಮ ಮಾತನ್ನೂ ಸೇರಿಸಿ ಕಳಿಸಿದ್ದೇನೆ. ಅವಳು ಯಾಕೆ ಹೋದಳು ಅನ್ನುವುದು ನಮ್ಮವರಿಗೆ ಅದರಿಂದಲೇ ಅರ್ಥವಾಗಬೇಕು.

ರಾಣೆಬೆನ್ನೂರಿನ ನರ್ಸ್

ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಜೊತೆಗೆ ಹಿಮೊಗ್ಲೋಬಿನ್ ಕೂಡ ನೋಡಿಸಿ. ಮಾತ್ರೆ ಮತ್ತೆ ಶುರು ಮಾಡುವಾಗ ಹಳೇ ಡೋಸನ್ನೇ ನೀವೇ ಕೊಡಬೇಡಿ, ಡಾಕ್ಟರನ್ನು ಕೇಳಿ. ರಿಪೋರ್ಟ್ ಬಂದ ಮೇಲೆ ಇಲ್ಲಿ ಹಾಕಬೇಡಿ, ನನಗೆ ಬೇರೆಯಾಗಿ ಮೆಸೇಜ್ ಮಾಡಿ.